ಯಾವ ಬರ್ಗಂಡಿ?

ಜೋನ್ ಆಫ್ ಆರ್ಕ್ ಕತೆ ಓದುವಾಗ ಒಂದು ಜಾಗದಲ್ಲಿ ತಲೆ ಕೆರೆದುಕೊಳ್ಳುವ ಹಾಗಾಗುತ್ತದೆ. ಅವಳು ಫ್ರಾನ್ಸಿನ ಪರವಾಗಿ ಇಂಗ್ಲಿಷರ ವಿರುದ್ಧ ಹೋರಾಡಿದ ಹುಡುಗಿ. ಆದರೆ 1430ರ ಮೇ ತಿಂಗಳಲ್ಲಿ ಕೋಂಪಿಯೇನ್ ಪಟ್ಟಣದ ಹೊರಗೆ ಅವಳನ್ನು ಸೆರೆಹಿಡಿದವರು ಇಂಗ್ಲಿಷರಲ್ಲ, ಬರ್ಗಂಡಿಯವರು. ಆಮೇಲೆ 10,000 ಲಿವ್ರ್ ಹಣಕ್ಕೆ ಅವಳನ್ನು ಇಂಗ್ಲಿಷರಿಗೆ ಒಪ್ಪಿಸಿದರು. ಬರ್ಗಂಡಿ ಇರುವುದು ಫ್ರಾನ್ಸಿನಲ್ಲೇ ಅಲ್ವಾ? ಹಾಗಾದರೆ ಫ್ರೆಂಚರೇ ಫ್ರಾನ್ಸಿನ ಹುಡುಗಿಯನ್ನು ಮಾರಿದರಾ?

ಇಷ್ಟೇ ಆಗಿದ್ದರೆ ಸರಿ. ಸುಮಾರು 1200ರಲ್ಲಿ ಹುಟ್ಟಿದ ಒಂದು ಜರ್ಮನ್ ಮಹಾಕಾವ್ಯದಲ್ಲಿ ಬರ್ಗಂಡಿಯವರು ರೈನ್ ನದಿ ದಂಡೆಯ ವೋರ್ಮ್ಸ್ ಊರಿನಲ್ಲಿ ಆಳುತ್ತಾರೆ. ಸ್ಪೇನಿನ ಹಳೆಯ ಹಡಗುಗಳ ಮೇಲೆ ಹಾರುತ್ತಿದ್ದ ಬಾವುಟಕ್ಕೆ ಬರ್ಗಂಡಿ ಶಿಲುಬೆ ಎಂದು ಹೆಸರು. ನೆದರ್‌ಲ್ಯಾಂಡ್ಸ್‌ನಲ್ಲಿ ಯಾರಾದರೂ ಊಟ, ಕುಡಿತ, ಗೆಳೆಯರ ಜೊತೆ ಸಂತೋಷವಾಗಿ ಕಾಲ ಕಳೆದರೆ ಅದನ್ನು ಬರ್ಗಂಡಿ ರೀತಿಯ ಬದುಕು ಅನ್ನುತ್ತಾರೆ. ಒಂದು ವೈನ್ ಬರ್ಗಂಡಿ. ಒಂದು ಬಣ್ಣ ಬರ್ಗಂಡಿ. ಒಂದು ಜಾತಿಯ ಬಸವನಹುಳು ಬರ್ಗಂಡಿ. ಗಿಡಕ್ಕೆ ಹೊಡೆಯುವ ಒಂದು ಔಷಧಿಯೂ ಬರ್ಗಂಡಿ.

19ನೇ ಶತಮಾನದ ಬ್ರಿಟಿಷ್ ಇತಿಹಾಸಕಾರ ಜೇಮ್ಸ್ ಬ್ರೈಸ್‌ಗೂ ಈ ಹೆಸರು ಸಾಕಷ್ಟು ಕಾಟ ಕೊಟ್ಟಿರಬೇಕು. ಅವರು ತಮ್ಮ ಪುಸ್ತಕದ ಕೊನೆಗೆ ಇದಕ್ಕಾಗಿಯೇ ಒಂದು ಪ್ರತ್ಯೇಕ ಟಿಪ್ಪಣಿ ಬರೆದು, ಬೇರೆ ಬೇರೆ ಕಾಲದ ಹತ್ತು ಬರ್ಗಂಡಿಗಳನ್ನು ಎಣಿಸಿ ತೋರಿಸಿದರು. ಅದರಲ್ಲಿ ಬಂದದ್ದು ರಾಜ್ಯ, ಪ್ರಾಂತ್ಯಗಳು ಮಾತ್ರ. ವೈನು, ಬಣ್ಣ ಆ ಲೆಕ್ಕದಲ್ಲಿಲ್ಲ.

ಹತ್ತನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಬರ್ಗಂಡಿ ಅನ್ನುವ ಹೆಸರು ಕಂಡಾಗ ಎರಡು ಪ್ರಶ್ನೆ ಕೇಳಿಕೊಂಡರೆ ಮುಕ್ಕಾಲು ಗೊಂದಲ ಕರಗುತ್ತದೆ. ಇದು ಯಾವ ಕಾಲದ ಮಾತು? ಇದು ಸೋನ್ ನದಿಯ ಯಾವ ದಂಡೆಯ ಮಾತು?

ಸೋನ್ ಅಂದರೆ ನಮ್ಮ ಬಿಹಾರದ ಕಡೆಯ ಸೋನ್ ಅಲ್ಲ. ಪೂರ್ವ ಫ್ರಾನ್ಸಿನಲ್ಲಿ ದಕ್ಷಿಣಕ್ಕೆ ಹರಿದು, ಲಿಯೋನ್ ನಗರದಲ್ಲಿ ರೋನ್ ನದಿಯನ್ನು ಸೇರುವ ನದಿ. ಇದರ ಪಶ್ಚಿಮಕ್ಕೆ ದಿಜೋನ್ ನಗರ, ಪೂರ್ವಕ್ಕೆ ಬೆಜಾನ್ಸೋ ನಗರ. ಈ ಎರಡು ಊರುಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಮತ್ತೆ ಬೇಕಾಗುತ್ತವೆ.

ಮೊದಲು ಬರ್ಗಂಡಿ ಅನ್ನುವುದು ಜಾಗದ ಹೆಸರೇ ಆಗಿರಲಿಲ್ಲ. ಅದು ಜನರ ಹೆಸರು. ಬರ್ಗಂಡಿಯನ್ನರು ಜರ್ಮನ್ ಭಾಷೆಗಳ ಪೂರ್ವದ ಕವಲಿಗೆ ಸೇರಿದ ಒಂದು ಬುಡಕಟ್ಟು. ಬಾಲ್ಟಿಕ್ ಸಮುದ್ರದಲ್ಲಿ ಡೆನ್ಮಾರ್ಕಿಗೆ ಸೇರಿದ ಬೋರ್ನ್‌ಹೋಮ್ ಎಂಬ ದ್ವೀಪವಿದೆ. ಅದರ ಹಳೆಯ ಹೆಸರು ಬುರ್ಗುಂಡರ್‌ಹೋಲ್ಮ್. ಇವರು ಅಲ್ಲಿಂದಲೇ ಬಂದವರು ಎಂಬ ನಂಬಿಕೆ ಹಳೆಯದು. ಇತಿಹಾಸಕಾರರಲ್ಲಿ ಅದಕ್ಕೆ ಒಮ್ಮತವಿಲ್ಲ. 5ನೇ ಶತಮಾನದ ಶುರುವಿಗೆ ಇವರು ರೈನ್ ದಂಡೆಗೆ ಬಂದು ನೆಲೆ ನಿಂತಿದ್ದರು. ಸುಮಾರು 436ರಲ್ಲಿ ರೋಮನ್ ಸೇನಾಪತಿ ಏಟಿಯಸ್ ಮತ್ತು ಹೂಣರ ಪಡೆಗಳು ಇವರ ಮೇಲೆ ಬಿದ್ದವು. ರಾಜ ಗುಂಡಹಾರ್ ಸತ್ತ, ರಾಜ್ಯ ನಾಶವಾಯಿತು. ಈ ಸೋಲಿನ ನೆನಪೇ ಬಾಯಿಂದ ಬಾಯಿಗೆ ಹರಿದು, ಏಳೂವರೆ ಶತಮಾನದ ನಂತರ ಆ ಜರ್ಮನ್ ಮಹಾಕಾವ್ಯದಲ್ಲಿ ಸೇರಿಕೊಂಡಿತು. ಅಲ್ಲಿ ಗುಂಡಹಾರ್ ಗುಂಥರ್ ಆಗಿದ್ದಾನೆ. ಅಂದರೆ ಕಾವ್ಯದ ಬರ್ಗಂಡಿಯಿಂದ ಇವತ್ತಿನ ಬರ್ಗಂಡಿಯನ್ನು ಹುಡುಕಿಕೊಂಡು ಹೊರಟರೆ ದಾರಿ ತಪ್ಪುತ್ತದೆ. ಆಗಿನ್ನೂ ಆ ಜನ ಅಲ್ಲಿಗೆ ಬಂದೇ ಇರಲಿಲ್ಲ.

ಬದುಕಿ ಉಳಿದವರನ್ನು ರೋಮನ್ನರು 443ರಲ್ಲಿ ಸಪೌದಿಯಾ ಎಂಬ ಸೀಮೆಯಲ್ಲಿ ಕೂರಿಸಿದರು. ಇವತ್ತಿನ ಸವಾಯ್ ಹೆಸರು ಬಂದದ್ದು ಅದರಿಂದ. ಜಿನೀವಾ ಸುತ್ತಮುತ್ತ ಶುರುವಾದ ಈ ಎರಡನೆಯ ರಾಜ್ಯ ಲಿಯೋನ್‌ವರೆಗೆ, ಆಮೇಲೆ ಇನ್ನೂ ಆಚೆಗೆ ಬೆಳೆಯಿತು. ಗುಂಡೊಬಾಡ್ ಎಂಬ ರಾಜ ತನ್ನ ಜನರಿಗೆ ಒಂದು ಕಾನೂನು ಸಂಹಿತೆಯನ್ನೇ ಬರೆಸಿದ. ಫ್ರಾಂಕರ ರಾಜ ಕ್ಲೋವಿಸ್‌ನ ಹೆಂಡತಿ, ಅವನನ್ನು ಕ್ರೈಸ್ತ ಧರ್ಮಕ್ಕೆ ತಂದವಳು ಎಂದು ಹೆಸರಾದ ಕ್ಲೋಟಿಲ್ಡಾ, ಇದೇ ಮನೆತನದ ಮಗಳು. 534ರಲ್ಲಿ ಫ್ರಾಂಕರು ಈ ರಾಜ್ಯವನ್ನು ನುಂಗಿದರು. ಜನ ಸುತ್ತಲಿನವರ ಜೊತೆ ಬೆರೆತುಹೋದರು. ಅವರ ಮಾತು ಹೋಯಿತು, ಹೆಸರು ಮಾತ್ರ ನೆಲಕ್ಕೆ ಅಂಟಿಕೊಂಡು ಉಳಿಯಿತು.

ನೆಲಕ್ಕೆ ಅಂಟಿದ ಹೆಸರು ಒಂದೇ ಕಡೆ ಇರಬೇಕು ಅಂದುಕೊಳ್ಳುತ್ತೇವೆ. ಹಾಗೆ ಇರುವುದಿಲ್ಲ. ನಮ್ಮದೇ ಹೆಸರನ್ನು ನೋಡಿ. ಕರ್ನಾಟಿಕ್ ಯುದ್ಧಗಳು ಅಂತ ಶಾಲೆಯಲ್ಲಿ ಓದಿದೆವಲ್ಲ, ಫ್ರೆಂಚರು ಮತ್ತು ಇಂಗ್ಲಿಷರು ಕಾದಾಡಿದ್ದು, ಅವು ನಡೆದದ್ದು ಹೆಚ್ಚಾಗಿ ಇವತ್ತಿನ ತಮಿಳುನಾಡಿನಲ್ಲಿ. ಕರ್ನಾಟಿಕ್ ನವಾಬ ಕೂತಿದ್ದದ್ದು ಆರ್ಕಾಟ್‌ನಲ್ಲಿ. ಆಳುವವರು ಬದಲಾದಂತೆ ಹೆಸರು ಜಾರಿಕೊಂಡು ಹೋಗುತ್ತದೆ. ಬರ್ಗಂಡಿಗೆ ಆದದ್ದೂ ಇದೇ, ಆದರೆ ಇನ್ನೂ ಜಾಸ್ತಿ ಸಲ.

843ರಲ್ಲಿ ಶಾರ್ಲಮೇನ್ ಚಕ್ರವರ್ತಿಯ ಮೂವರು ಮೊಮ್ಮಕ್ಕಳು ವರ್ಡನ್ ಒಪ್ಪಂದದಲ್ಲಿ ಸಾಮ್ರಾಜ್ಯವನ್ನು ಪಾಲು ಮಾಡಿಕೊಂಡರು. ಹಳೆಯ ಬರ್ಗಂಡಿಯ ನಡುವೆಯೇ ಗೆರೆ ಬಿತ್ತು. ಗೆರೆ ಹಾದುಹೋದದ್ದು ಹೆಚ್ಚುಕಡಿಮೆ ಸೋನ್ ನದಿಯ ಗುಂಟ. ಪಶ್ಚಿಮದ ಚೂರು ಮುಂದೆ ಫ್ರಾನ್ಸ್ ಆಗುವ ಪಾಲಿಗೆ ಹೋಯಿತು. ಅದೇ ಬರ್ಗಂಡಿ ಡ್ಯೂಕ್‌ಗಳ ಸೀಮೆ, ದಿಜೋನ್ ಕಡೆಯದು. ಪೂರ್ವ ಮತ್ತು ದಕ್ಷಿಣದ ದೊಡ್ಡ ಪಾಲು ಬೇರೆಯೇ ದಾರಿ ಹಿಡಿಯಿತು. 879ರಲ್ಲಿ ಪ್ರೊವಾನ್ಸ್ ಕಡೆ ಒಬ್ಬ ರಾಜನಾದ, 888ರಲ್ಲಿ ಆಲ್ಪ್ಸ್ ಕಡೆ ಇನ್ನೊಬ್ಬ. ಇವೇ ಕೆಳ ಬರ್ಗಂಡಿ, ಮೇಲಿನ ಬರ್ಗಂಡಿ. 933ರ ಸುಮಾರಿಗೆ ಎರಡೂ ಸೇರಿ ಒಂದು ರಾಜ್ಯವಾಯಿತು, ಅದಕ್ಕೆ ಆರ್ಲ್ ರಾಜ್ಯ ಎಂಬ ಹೆಸರೂ ಬಂತು. 1032ರಲ್ಲಿ ಅದರ ಕೊನೆಯ ರಾಜ ಮಕ್ಕಳಿಲ್ಲದೆ ಸತ್ತಾಗ ಎಲ್ಲವೂ ಜರ್ಮನ್ ಚಕ್ರವರ್ತಿಯ ಕೈಗೆ ಹೋಯಿತು. ಈ ಒಂದು ತುಂಡು ಇತಿಹಾಸ ಬಹಳ ಸಿಕ್ಕು ಸಿಕ್ಕು. ಬ್ರೈಸ್ ಪಟ್ಟಿ ಹತ್ತಕ್ಕೆ ಮುಟ್ಟಿದ್ದಕ್ಕೆ ಒಂದು ದೊಡ್ಡ ಕಾರಣ ಇದೇ. ನಮಗೆ ಇಲ್ಲಿ ಬೇಕಾದದ್ದು ಒಂದೇ ಅಂಶ. ನದಿಯ ಪಶ್ಚಿಮದ ಬರ್ಗಂಡಿ ಫ್ರಾನ್ಸ್ ರಾಜನ ಕೆಳಗೆ, ಪೂರ್ವದ ಬರ್ಗಂಡಿ ಜರ್ಮನ್ ಚಕ್ರವರ್ತಿಯ ಕೆಳಗೆ. ಪಶ್ಚಿಮದವನು ಡ್ಯೂಕ್, ಪೂರ್ವದವನು ಕೌಂಟ್. ಪೂರ್ವದ ಸೀಮೆಗೆ ಕ್ರಮೇಣ ಫ್ರಾಂಶ್-ಕೋಂತೆ, ಅಂದರೆ 'ಸ್ವತಂತ್ರ ಕೌಂಟಿ' ಎಂಬ ಹೆಸರು ನಿಂತಿತು.

ಈಗ ಜೋನ್ ಕತೆಗೆ ಬರೋಣ. ಬರ್ಗಂಡಿ ಹೆಸರು ಪ್ರಪಂಚಕ್ಕೆಲ್ಲ ಹರಡಿದ್ದು ಈ ಕಾಲದಲ್ಲೇ.

1361ರಲ್ಲಿ ದಿಜೋನ್ ಕಡೆಯ ಹಳೆಯ ಡ್ಯೂಕ್ ವಂಶ ಮುಗಿಯಿತು. ಫ್ರಾನ್ಸ್ ರಾಜ ಎರಡನೇ ಜಾನ್ 1363ರಲ್ಲಿ ಆ ಸೀಮೆಯನ್ನು ತನ್ನ ಕಿರಿ ಮಗ ಫಿಲಿಪ್‌ಗೆ ಕೊಟ್ಟ. ಹದಿನಾಲ್ಕನೇ ವಯಸ್ಸಿನಲ್ಲಿ ಪ್ವಾಟಿಯೇ ಯುದ್ಧದಲ್ಲಿ ಅಪ್ಪನ ಪಕ್ಕ ಬಿಟ್ಟು ಕದಲದೆ ನಿಂತು, ಅಪ್ಪನ ಜೊತೆಗೇ ಸೆರೆಯಾದ ಹುಡುಗ ಇವನು. 'ಧೀರ ಫಿಲಿಪ್' ಅಂತಲೇ ಹೆಸರು. ಇವನು ಮದುವೆಯಾದದ್ದು ಫ್ಲಾಂಡರ್ಸ್ ಸೀಮೆಯ ವಾರಸುದಾರಳು ಮಾರ್ಗರೆಟ್‌ಳನ್ನು. 1384ರಲ್ಲಿ ಅವಳ ಅಪ್ಪ ತೀರಿಕೊಂಡಾಗ ಫ್ಲಾಂಡರ್ಸ್, ಆರ್ಟ್ವಾ, ಜೊತೆಗೆ ಸೋನ್ ನದಿಯ ಪೂರ್ವದ ಫ್ರಾಂಶ್-ಕೋಂತೆ ಕೂಡ ಇವರ ಮನೆಗೆ ಬಂತು. ಡ್ಯೂಕ್ ಬರ್ಗಂಡಿ, ಕೌಂಟ್ ಬರ್ಗಂಡಿ ಎರಡೂ ಒಂದೇ ತಲೆಯ ಮೇಲೆ. ಒಂದಕ್ಕೆ ಫ್ರಾನ್ಸ್ ರಾಜನಿಗೆ ತಲೆಬಾಗಬೇಕು, ಇನ್ನೊಂದಕ್ಕೆ ಚಕ್ರವರ್ತಿಗೆ.

ಮುಂದಿನ ಡ್ಯೂಕ್‌ಗಳು ಬ್ರಬಾಂಟ್, ಹಾಲೆಂಡ್, ಲಕ್ಸೆಂಬರ್ಗ್ ಹೀಗೆ ಸೇರಿಸುತ್ತಾ ಹೋದರು. ಕೆಲವು ಮದುವೆಯಿಂದ, ಕೆಲವು ದುಡ್ಡಿನಿಂದ, ಕೆಲವು ಕತ್ತಿಯಿಂದ. ಹಣ ಬರುತ್ತಿದ್ದದ್ದು ಬ್ರೂಜ್, ಘೆಂಟ್ ಥರದ ಬಟ್ಟೆ ವ್ಯಾಪಾರದ ಊರುಗಳಿಂದ. ಆಸ್ಥಾನವೂ ಹೆಚ್ಚಾಗಿ ಅಲ್ಲೇ ಇರುತ್ತಿತ್ತು. ಹೀಗಾಗಿ 'ಬರ್ಗಂಡಿ ಆಸ್ಥಾನದ ಚಿತ್ರಕಾರ' ಯಾನ್ ವಾನ್ ಐಕ್ ಬದುಕಿದ್ದು, ಸತ್ತದ್ದು ಬ್ರೂಜ್‌ನಲ್ಲಿ. ಅದು ಇವತ್ತಿನ ಬೆಲ್ಜಿಯಂ. ದ್ರಾಕ್ಷಿ ತೋಟದ ಬರ್ಗಂಡಿಯಿಂದ ನೂರಾರು ಕಿಲೋಮೀಟರ್ ದೂರ. ಡಚ್ಚರ 'ಬರ್ಗಂಡಿ ರೀತಿಯ ಬದುಕು' ಎಂಬ ಮಾತಿನ ಬೇರು ಇರುವುದು ಇಲ್ಲೇ. ಅವರ ಮನಸ್ಸಿನಲ್ಲಿ ಉಳಿದದ್ದು ಒಂದು ಫ್ರೆಂಚ್ ಪ್ರಾಂತ್ಯವಲ್ಲ, ತಮ್ಮನ್ನು ಆಳಿದ ಮನೆತನದ ಔತಣಗಳ ವೈಭವ.

ಹಾಗಾದರೆ ಫ್ರೆಂಚ್ ರಾಜಮನೆತನದ ಕವಲು ಇಂಗ್ಲಿಷರ ಜೊತೆ ಸೇರಿದ್ದೇಕೆ? 1419ರಲ್ಲಿ ಮೋಂಟ್ರೋ ಎಂಬ ಊರಿನ ಸೇತುವೆಯ ಮೇಲೆ ಸಂಧಾನಕ್ಕೆ ಅಂತ ಹೋದ ಡ್ಯೂಕ್ ಜಾನ್‌ನನ್ನು ಫ್ರಾನ್ಸಿನ ಯುವರಾಜನ ಕಡೆಯವರು ಕೊಂದರು. ಮಗ ಫಿಲಿಪ್, 'ಒಳ್ಳೆಯ ಫಿಲಿಪ್' ಎಂದು ಹೆಸರಾದವನು, ಸೇಡಿಗೆ ಇಂಗ್ಲಿಷರ ಕೈ ಹಿಡಿದ. ಆ ಯುವರಾಜನಿಗೆ ಕಿರೀಟ ತೊಡಿಸಲು ಹೊರಟವಳೇ ಜೋನ್. ಅವಳನ್ನು ಹಿಡಿದದ್ದು ಫಿಲಿಪ್‌ನ ಅಧೀನದ ಸರದಾರನೊಬ್ಬನ ಪಡೆ. ಹಾಗಾಗಿ ಇಲ್ಲಿ 'ಬರ್ಗಂಡಿಯವರು' ಅಂದರೆ ಬರ್ಗಂಡಿ ಸೀಮೆಯ ಜನ ಅಂತಲ್ಲ. ಆ ಡ್ಯೂಕನ ಪಕ್ಷದವರು ಅಂತ. ಅವರಲ್ಲಿ ಎಷ್ಟೋ ಜನ ದಿಜೋನ್ ಮುಖವನ್ನೇ ನೋಡಿರಲಿಕ್ಕಿಲ್ಲ. ಈ ಒಂದು ಅರ್ಥ ಹಿಡಿದುಕೊಂಡರೆ 15ನೇ ಶತಮಾನದ ಅರ್ಧ ಇತಿಹಾಸ ಸಲೀಸಾಗಿ ಓದಿಕೊಂಡು ಹೋಗುತ್ತದೆ.

ಈ ಮಹಾ ಬರ್ಗಂಡಿ ಮುಗಿದದ್ದು ಘೋರವಾಗಿ. ಕೊನೆಯ ಡ್ಯೂಕ್ ಚಾರ್ಲ್ಸ್, ಉತ್ತರದ ಮತ್ತು ದಕ್ಷಿಣದ ತನ್ನ ಸೀಮೆಗಳನ್ನು ಒಂದಾಗಿಸಲು ನಡುವಿನ ಲೊರೇನ್‌ಗೆ ಕೈಹಾಕಿದ. ಸ್ವಿಸ್ಸರ ಪಡೆಗಳು 1476ರಲ್ಲಿ ಎರಡು ಸಲ ಅವನನ್ನು ಬಡಿದವು. 1477ರ ಜನವರಿ 5ರಂದು ನಾನ್ಸಿ ಊರಿನ ಹೊರಗೆ, ಹಿಮದಲ್ಲಿ, ಅವನು ಸತ್ತುಬಿದ್ದ. ಹೆಣ ಸಿಗಲು ಎರಡು ದಿನ ಬೇಕಾಯಿತು. ತೋಳಗಳು ಮುಖವನ್ನು ಕಿತ್ತುಹಾಕಿದ್ದವು.

ಗಂಡು ಮಕ್ಕಳಿರಲಿಲ್ಲ. ಮಗಳು ಮೇರಿಗೆ ಆಗ ಹತ್ತೊಂಬತ್ತು ವರ್ಷ. ಫ್ರಾನ್ಸ್ ರಾಜ ಹನ್ನೊಂದನೇ ಲೂಯಿ ಕೂಡಲೇ ದಿಜೋನ್ ಸೀಮೆಯನ್ನು ವಶ ಮಾಡಿಕೊಂಡ. ಮೇರಿ ಅದೇ ವರ್ಷ ಹ್ಯಾಪ್ಸ್‌ಬರ್ಗ್ ಮನೆತನದ ಮ್ಯಾಕ್ಸಿಮಿಲಿಯನ್‌ನನ್ನು ಮದುವೆಯಾದಳು. ಉತ್ತರದ ಶ್ರೀಮಂತ ಸೀಮೆಗಳು ಆ ಮನೆತನಕ್ಕೆ ಹೋದವು. ಅವರ ಮಗ ಸ್ಪೇನಿನ ರಾಜಕುಮಾರಿಯನ್ನು ಮದುವೆಯಾದ. ಡ್ಯೂಕ್‌ಗಳ ಪಾಲಕ ಸಂತ ಆಂಡ್ರ್ಯೂನ ಓರೆ ಶಿಲುಬೆ ಆ ಮದುವೆಯ ಹಿಂದೆಯೇ ಸ್ಪೇನಿಗೆ ಹೋಯಿತು. ಅಲ್ಲಿಂದ ಹಡಗು ಹತ್ತಿ ಅಮೆರಿಕದ ವಸಾಹತುಗಳಿಗೂ ಫಿಲಿಪೈನ್ಸ್‌ಗೂ ಮುಟ್ಟಿತು. ಬಾವುಟದ ಕತೆ ಇಷ್ಟೇ.

ನನಗೆ ತುಂಬ ಬೆರಗು ತಂದ ಸಂಗತಿ 1512ರದ್ದು. ಆ ವರ್ಷ ಮ್ಯಾಕ್ಸಿಮಿಲಿಯನ್ ತನ್ನ ಸಾಮ್ರಾಜ್ಯದಲ್ಲಿ 'ಬರ್ಗಂಡಿ ವಲಯ' ಎಂಬ ಆಡಳಿತ ಭಾಗ ಮಾಡಿದ. ಅದರಲ್ಲಿ ನೆದರ್‌ಲ್ಯಾಂಡ್ಸ್ ಇತ್ತು, ಫ್ರಾಂಶ್-ಕೋಂತೆ ಇತ್ತು. ದಿಜೋನ್ ಇರಲಿಲ್ಲ! ಇತ್ತ ಫ್ರಾನ್ಸಿನಲ್ಲಿ ಹದಿನಾಲ್ಕನೇ ಲೂಯಿಯ ಮೊಮ್ಮಗ 'ಬರ್ಗಂಡಿಯ ಡ್ಯೂಕ್' ಅನ್ನಿಸಿಕೊಂಡ, ಅದು ಬರೀ ಬಿರುದು, ಆಳಲು ನೆಲವೇನೂ ಇರಲಿಲ್ಲ. ಫ್ರಾಂಶ್-ಕೋಂತೆ 1678ರಲ್ಲಿ ಫ್ರಾನ್ಸ್‌ಗೆ ಸೇರಿತು. 1790ರಲ್ಲಿ ಕ್ರಾಂತಿ ಸರ್ಕಾರ ಹಳೆಯ ಪ್ರಾಂತ್ಯಗಳನ್ನೆಲ್ಲ ರದ್ದು ಮಾಡಿ ದೇಶವನ್ನು ಜಿಲ್ಲೆಗಳಾಗಿ ಹಂಚಿತು. ಅಲ್ಲಿಗೆ ಬರ್ಗಂಡಿ ಪ್ರಾಂತ್ಯ ಮುಗಿಯಿತು. 20ನೇ ಶತಮಾನದಲ್ಲಿ ಅದೇ ಹೆಸರಿನ ಹೊಸ ಆಡಳಿತ ಪ್ರದೇಶ ಬಂತು, ಆದರೆ ಅದರ ಗಡಿ ಹಳೆಯದರ ಗಡಿಯಲ್ಲ. 2016ರ ಜನವರಿ 1ರಂದು ಅದನ್ನು ಫ್ರಾಂಶ್-ಕೋಂತೆ ಜೊತೆ ಸೇರಿಸಿದರು. ನದಿಯ ಎರಡೂ ದಂಡೆಯ ಬರ್ಗಂಡಿಗಳು ಮತ್ತೆ ಒಂದೇ ಹೆಸರಿನಡಿ ಬಂದವು. ರಾಜಧಾನಿ ದಿಜೋನ್, ಆದರೆ ಪ್ರಾದೇಶಿಕ ಮಂಡಳಿಯ ಕೇಂದ್ರ ಬೆಜಾನ್ಸೋ.

ವೈನ್ ವಿಷಯಕ್ಕೆ ಬರೋಣ. ಕುಡಿಯುವವರಿಗೆ ಮಾತ್ರ ಅಂದುಕೊಂಡು ಇದನ್ನು ಬಿಟ್ಟುಬಿಡಬೇಡಿ. ಹೆಸರು ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಬೇರೆ ಎಷ್ಟೋ ದೇಶಗಳಲ್ಲಿ ಬಾಟಲಿ ಮೇಲೆ ದ್ರಾಕ್ಷಿ ತಳಿಯ ಹೆಸರು ಎದ್ದು ಕಾಣುತ್ತದೆ. ಇಲ್ಲಿ ನೆಲದ ಹೆಸರು. ತಳಿ ಹೆಚ್ಚುಕಡಿಮೆ ಎರಡೇ. ಕೆಂಪಿಗೆ ಪಿನೋ ನ್ವಾರ್, ಬಿಳಿಗೆ ಶಾರ್ದೊನೆ. ಇದರ ಹಿಂದೆಯೂ ಆ ಧೀರ ಫಿಲಿಪ್ ಇದ್ದಾನೆ. 1395ರಲ್ಲಿ ಅವನು ಹೆಚ್ಚು ಇಳುವರಿ ಕೊಡುವ ಗಮೇ ತಳಿಯನ್ನು ನಂಬಿಕೆಗೆ ಅನರ್ಹವಾದ ಗಿಡ ಎಂದು ಬೈದು, ಕಿತ್ತುಹಾಕಲು ಆಜ್ಞೆ ಹೊರಡಿಸಿದ.

ತಳಿ ಒಂದೇ ಆದರೆ ರುಚಿ ಬೇರೆ ಆಗುವುದು ನೆಲದಿಂದ. ಗುಡ್ಡದ ಯಾವ ಮಗ್ಗುಲು, ಮಣ್ಣು ಎಷ್ಟು ಆಳ, ಬೆಳಗಿನ ಬಿಸಿಲು ಎಷ್ಟು ಹೊತ್ತು, ನೀರು ಹೇಗೆ ಬಸಿಯುತ್ತದೆ. ಇದನ್ನು ಸಿಸ್ಟರ್ಸಿಯನ್ ಸನ್ಯಾಸಿಗಳು ಮಧ್ಯಯುಗದಿಂದ ಗಮನಿಸುತ್ತಾ, ತೋಟಗಳಿಗೆ ಗೋಡೆ ಕಟ್ಟುತ್ತಾ ಬಂದರು. ಹೀಗೆ ಹೆಸರಿಟ್ಟು ಗುರುತಿಸಿದ ತುಂಡು ನೆಲಕ್ಕೆ ಅಲ್ಲಿ 'ಕ್ಲಿಮಾ' ಅನ್ನುತ್ತಾರೆ. ದಿಜೋನ್‌ನಿಂದ ದಕ್ಷಿಣಕ್ಕೆ ಹಬ್ಬಿದ ಕಿರಿದಾದ ಇಳಿಜಾರಿನಲ್ಲಿ ಇಂಥವು 1,247 ಇವೆ. 2015ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬಾಟಲಿ ಓದುವ ಗುಟ್ಟು ಇಷ್ಟೇ: ಹೆಸರು ಸೂಚಿಸುವ ನೆಲ ಕಿರಿದಾದಷ್ಟೂ ದರ್ಜೆ ಹೆಚ್ಚು. ಬರೀ 'ಬರ್ಗಂಡಿ' ಅಂತ, ಅಂದರೆ ಫ್ರೆಂಚಿನಲ್ಲಿ 'ಬೂರ್ಗೊನ್ಯ' ಅಂತ ಇದ್ದರೆ ಅದು ಕೆಳಗಿನ ಮೆಟ್ಟಿಲು. ಊರಿನ ಹೆಸರಿದ್ದರೆ ಅದರ ಮೇಲೆ. ಊರಿನ ಜೊತೆ ಒಳ್ಳೆಯ ತೋಟದ ಹೆಸರೂ ಇದ್ದರೆ ಇನ್ನೂ ಮೇಲೆ. ತುತ್ತತುದಿಯ ದರ್ಜೆಗೆ ತೋಟದ ಹೆಸರೊಂದೇ ಸಾಕು, ಊರಿನ ಹೆಸರೂ ಬೇಡ. ಜಗತ್ತಿನ ಅತಿ ದುಬಾರಿ ವೈನ್‌ಗಳಲ್ಲಿ ಒಂದಾದ ರೊಮಾನೆ-ಕೋಂಟಿ ಬರುವ ತೋಟ ಸುಮಾರು ನಾಲ್ಕೂವರೆ ಎಕರೆ, ಅಷ್ಟೇ. ಊರುಗಳಿಗೂ ಈ ಲೆಕ್ಕ ಗೊತ್ತು. 1847ರಲ್ಲಿ ಝೆವ್ರೆ ಎಂಬ ಊರು ತನ್ನ ಪ್ರಸಿದ್ಧ ತೋಟ ಶಾಂಬರ್ತಾನ್‌ನ ಹೆಸರನ್ನು ತನ್ನ ಹೆಸರಿಗೇ ಅಂಟಿಸಿಕೊಂಡು ಝೆವ್ರೆ-ಶಾಂಬರ್ತಾನ್ ಆಯಿತು. ಅದನ್ನು ನೋಡಿ ಸುತ್ತಲಿನ ಊರುಗಳೂ ಹಾಗೇ ಮಾಡಿದವು.

ಇಷ್ಟು ಕಾಪಾಡಿಕೊಂಡು ಬಂದ ಹೆಸರನ್ನು ಅಮೆರಿಕದಲ್ಲಿ ಸುಮ್ನೆ 'ಕೆಂಪು ವೈನ್' ಎಂಬ ಅರ್ಥದಲ್ಲಿ ಬಳಸಿದರು. ಕ್ಯಾಲಿಫೋರ್ನಿಯಾದ ದೊಡ್ಡ ಜಗ್‌ಗಳ ಮೇಲೆ ಬರ್ಗಂಡಿ ಅಂತ ಇರುತ್ತಿತ್ತು, ಒಳಗೆ ಪಿನೋ ನ್ವಾರ್ ಇರಲೇಬೇಕು ಅಂತೇನೂ ಇರಲಿಲ್ಲ. 2006ರಲ್ಲಿ ಅಮೆರಿಕ ಮತ್ತು ಯುರೋಪಿಯನ್ ಒಕ್ಕೂಟದ ನಡುವೆ ಒಪ್ಪಂದವಾದ ಮೇಲೆ, ಮೊದಲಿಂದ ಬಳಸುತ್ತಿದ್ದವರನ್ನು ಬಿಟ್ಟು ಹೊಸಬರು ಹಾಗೆ ಬಳಸುವಂತಿಲ್ಲ. ಬೆಳೆಗಾರರ ಸಿಟ್ಟು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ತಲೆತಲಾಂತರದ ದುಡಿಮೆಯಿಂದ ಹೆಸರಿಗೆ ಬೆಲೆ ಬಂದಿರುತ್ತದೆ, ಅದನ್ನು ಯಾರೋ ಪುಕ್ಕಟೆ ಎತ್ತಿಕೊಂಡು ಹೋದರೆ ಹೊಟ್ಟೆ ಉರಿಯದೆ ಇರುತ್ತದಾ?

ಬಸವನಹುಳುವಿನ ಹೆಸರಿನ ಕತೆಯೂ ಸಡಿಲವೇ. ಬರ್ಗಂಡಿ ಬಸವನಹುಳು ಯುರೋಪಿನ ಬಹಳ ಕಡೆ ಇದೆ. ಫ್ರಾನ್ಸಿನಲ್ಲಿ ತಿನ್ನುವುದರಲ್ಲಿ ಹೆಚ್ಚಿನ ಪಾಲು ಬರುವುದೇ ಪೂರ್ವ ಯುರೋಪಿನಿಂದ.

ಬಣ್ಣದ ವಿಷಯ ಇನ್ನೂ ಚೆನ್ನಾಗಿದೆ. ನಮ್ಮ ಸೀರೆ ಅಂಗಡಿಗಳಲ್ಲಿ 'ವೈನ್ ಕಲರ್' ಅನ್ನುವ ಕಡುಗೆಂಪನ್ನು ಇಂಗ್ಲಿಷಿನಲ್ಲಿ ಬರ್ಗಂಡಿ ಅನ್ನುತ್ತಾರೆ. ಅದೇ ಬಣ್ಣಕ್ಕೆ ಫ್ರೆಂಚರು ಹೇಳುವುದು 'ಬೋರ್ಡೋ' ಅಂತ! ಬೋರ್ಡೋ ಇರುವುದು ದೇಶದ ಇನ್ನೊಂದು ತುದಿಯಲ್ಲಿ, ನೈಋತ್ಯ ಮೂಲೆಯಲ್ಲಿ. ಅದೂ ವೈನ್ ಊರೇ.

ಬೋರ್ಡೋ ಅಂದ ಕೂಡಲೇ ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರ ಕಿವಿ ನೆಟ್ಟಗಾಗುತ್ತದೆ. ಕೊಳೆರೋಗಕ್ಕೆ ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಗೊನೆಗಳಿಗೆ ಹೊಡೆಯುವ ಬೋರ್ಡೋ ದ್ರಾವಣದ ಹೆಸರು ಬಂದದ್ದು ಆ ಊರಿನಿಂದಲೇ. 1882ರಲ್ಲಿ ಅಲ್ಲಿನ ಪ್ರೊಫೆಸರ್ ಮಿಲಾರ್ಡೆ ಒಂದು ವಿಚಿತ್ರ ನೋಡಿದರು. ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ರೈತರು ಮೈಲುತುತ್ತ ಮತ್ತು ಸುಣ್ಣ ಕಲಸಿ ಬಳಿದಿದ್ದರು. ಬೂಜುರೋಗ ಬಂದಾಗ ಆ ಬಳ್ಳಿಗಳ ಎಲೆ ಮಾತ್ರ ಉಳಿದುಕೊಂಡವು. 1885ರಲ್ಲಿ ಅವರು ಈ ಔಷಧಿಯನ್ನು ಪ್ರಕಟಿಸಿದರು. 20ನೇ ಶತಮಾನದ ಶುರುವಿನಲ್ಲಿ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ ಅಧ್ಯಯನ ಮಾಡಿ, ಅಡಿಕೆಗೆ ಇದನ್ನು ಹೊಡೆಯುವ ಪದ್ಧತಿಯನ್ನು ಬೆಳೆಗಾರರಿಗೆ ಕಲಿಸಿದರು.

ಇದಕ್ಕೆ ಒಬ್ಬ ತಮ್ಮ ಇದ್ದಾನೆ, ಬರ್ಗಂಡಿ ದ್ರಾವಣ. 1887ರಲ್ಲಿ ಬರ್ಗಂಡಿಯ ಮಾಸೋಂ ಎಂಬುವರು ಸುಣ್ಣದ ಬದಲು ಬಟ್ಟೆ ಒಗೆಯುವ ಸೋಡಾ ಹಾಕಿ ಮಾಡಿ ನೋಡಿದ್ದು. ಮೈಲುತುತ್ತ ಒಂದೇ ಹೊಡೆದರೆ ಅದರ ಹುಳಿಗೆ ಎಲೆ ಸುಟ್ಟುಹೋಗುತ್ತದೆ. ಆ ಹುಳಿ ಕಳೆಯಲು ಕ್ಷಾರ ಬೇಕು. ಬೋರ್ಡೋದಲ್ಲಿ ಆ ಕೆಲಸ ಸುಣ್ಣದ್ದು, ಬರ್ಗಂಡಿಯಲ್ಲಿ ಸೋಡಾದ್ದು. ಸೋಡಾ ನೀರಿನಲ್ಲಿ ಪೂರ್ತಿ ಕರಗುವುದರಿಂದ ಸುಣ್ಣದ ಹರಳು ಪಂಪಿನ ಬಾಯಿಗೆ ಸಿಕ್ಕಿಕೊಳ್ಳುವ ಕಾಟ ಇಲ್ಲ. ಒಳ್ಳೆಯ ಸುಣ್ಣ ಸಿಗದ ಕಡೆ ಅನುಕೂಲ. ಆದರೆ ಎರಡನ್ನೂ ಕಲಸಿದ ದಿನವೇ ಹೊಡೆದು ಮುಗಿಸಬೇಕು. ಮತ್ತೆ, ಬರ್ಗಂಡಿ ಎಂಬ ಹೆಸರು ಕೇಳಿ ಡ್ರಮ್ಮಿನೊಳಗೆ ಕಡುಗೆಂಪು ಹುಡುಕಬೇಡಿ. ಇದೂ ಬೋರ್ಡೋ ಹಾಗೆ ನೀಲಿಯೇ.